ಅರವತ್ತು ಎಣಿಸೂದರೊಳಗ

ರಿಟೈರ್ ಆದ ದಿನ ಸೆಕ್ಷನ್ನಿನವರು ವಂತಿಗಿ ಹಾಕಿ
ಒಂದು ಗಡಿಯಾರ ಕೊಟ್ರು. ನಾಡಿ ನೋಡತದ, ನಿದ್ದಿ ಅಳೀತದ,
ಭಾಳ ಹೊತ್ತು ಕುಂತ್ರ ಏಳು ಅಂತದ.
ಖಡಕಿ ಕಾರ್ಖಾನಿಯೊಳಗ ಮೂವತ್ತೊಂದು ವರ್ಷ
ಫೋರ್‌ಮನ್ ಕೂಡ್ರು ಅಂದಿದ್ದ.

ಲೋನಾವಳಾ ಲೋಕಲ್‌ದಾಗ ಕಿಟಕಿ ಹಿಡಿದು
ಎರಡು ಸೀದಾ, ಎರಡು ಉಲ್ಟಾ, ಮತ್ತ ಎರಡು ಸೀದಾ.
ದಾಪೋಡಿ ಪೂಲು ದಾಟೂದರೊಳಗ ಒಂದು ಸಾಲು,
ಕಾಸಾರವಾಡಿಗೆ ಇನ್ನೊಂದು.
ಚಿಂಚವಾಡ ಬಂದಾಗ ಮಣಿಕಟ್ಟು ಝುಮ್ ಅಂತು:
‘ಶಾಬಾಸ್! ಒಂದೂವರಿ ಸಾವಿರ ಹೆಜ್ಜಿ ನಡದೀರಿ.’
ಎದುರು ಹಾಲಿನ ಕ್ಯಾನಿನ ಮ್ಯಾಲ ಕುಂತ ಮುದುಕ
ಬಗ್ಗಿ ನನ್ನ ಕಾಲು ಹುಡುಕಿದ.
ಚಪ್ಪಲಿ ಸೀಟಿನ ಕೆಳಗ, ಕಾಲು ಸೀಟಿನ ಮ್ಯಾಲ.

ಜುಡೋ ಯಾಕ, ಅದೂ ಅರವತ್ತಕ್ಕ, ಅಂತ ಎಲ್ಲಾರೂ ಕೇಳ್ತಾರ.
ಒಂದು ಉತ್ತರ ಇಲ್ಲ ನನ್ನ ಹತ್ರ, ಮೂರು ಅದಾವ,
ಮೂರೂ ಸುಳ್ಳು.

ಆಕುರ್ಡಿಯ ಶಾಲಿ ಹಿಂದಿನ ಹಾಲು.
ಶೇಲಾರ ಸರ್‌ಗೆ ಇಪ್ಪತ್ತಾರು ವಯಸ್ಸು.
ಮೊದಲ ಎರಡು ತಿಂಗಳು ಬೀಳೂದಷ್ಟ ಕಲಿಸಿದ.
ಗದ್ದ ಎದಿಗೆ, ಬೆನ್ನು ಬಿಲ್ಲು, ಅಂಗೈಲೆ ಚಾಪಿಗೊಂದು ಏಟು:
‘ಆಜಿ, ನೆಲಾ ನಿಮಗ ಹೊಡಿಯೂಕಿಂತ ಮೊದಲ
ನೀವು ನೆಲಕ್ಕ ಹೊಡೀರಿ.’
ಹಿಂಗ ಯಾರೂ ನನಗ ಹೇಳಿರಲಿಲ್ಲ.

ಚಾಪಿ ಮ್ಯಾಲ ಬಳಿ ಬ್ಯಾಡ, ಉಂಗುರ ಬ್ಯಾಡ, ಗಡಿಯಾರ ಬ್ಯಾಡ.
ಬಳಿ ಬಿಚ್ಚಿಟ್ಟೆ. ಗಡಿಯಾರಕ್ಕ ಮನಸ್ಸಾಗಲಿಲ್ಲ.
ಉಳಿದಿದ್ದ ಬೂದಿಬಣ್ಣದ ಉಲ್ಲನ್‌ಲೆ ಪಟ್ಟಿ ಹೆಣೆದು
ಅದರ ಮ್ಯಾಲ ಏರಿಸಿದೆ. ವಾಯು ಹಿಡದದ ಅಂದೆ.
ನಂಬಿದ.

ಗುರುವಾರ ಮೃಣ್ಮಯಿ ಭೋಂಡವೆ, ಹನ್ನೊಂದನೇ ಕ್ಲಾಸು,
ನನ್ನ ಕಾಲರ್ ಹಿಡಿದು ಸೊಂಟದ ಮ್ಯಾಲ ಎತ್ತಿ
ಫ್ಯಾನು, ಟ್ಯೂಬ್‌ಲೈಟು, ಆಕಿ ಜಡಿ,
ಚಾಪಿ.
ಏಟು ಸರಿ ಬಿತ್ತು. ನನ್ನ ಸಪ್ಪಳ ನನಗ ಸೇರಿತು.
ಆಕಿ ಬಿಡಲಿಲ್ಲ, ಎದಿ ಮ್ಯಾಲ ಬಿದ್ದು ಅದುಮಿ ಹಿಡಿದಳು.
ಆಗ ಉಲ್ಲನ್ನಿನ ಒಳಗಿಂದ ದನಿ:
‘ನೀವು ಜೋರಾಗಿ ಬಿದ್ದೀರಿ. ಹುಷಾರಿದ್ದೀರಾ?’

ಹುಷಾರಿದ್ದೆ. ಆದರ ಗುಂಡಿ ಪಟ್ಟಿ ಒಳಗ,
ಪಟ್ಟಿ ಹುಡಿಗಿ ಬಗಲಾಗ,
ಹುಡಿಗಿ ಗೆಲ್ಲೂ ಗದ್ದಲದಾಗ.
ಅದು ಅರವತ್ತರಿಂದ ಹಿಂದಕ್ಕ ಎಣಸತಿತ್ತು,
ಸರ್ ಇಪ್ಪತ್ತರ ಕಡೆ ಮುಂದಕ್ಕ ಎಣಸತಿದ್ದ.
ಇಪ್ಪತ್ತಾತು. ಆಕಿ ಎದ್ದಳು. ಪಟ್ಟಿ ಬರವಲ್ದು.
ನನ್ನ ಹೆಣಿಗಿ ಬಿಗಿ, ಮದಲಿಂದ ಹಂಗ.

ಇದನ್ನ ಚಾಲೂ ಮಾಡಿಕೊಟ್ಟ ಮೊಬೈಲ್ ಅಂಗಡಿ ಹುಡುಗ
ಅವತ್ತು ಕೇಳಿದ್ದ: ‘ನೀವು ಬಿದ್ರ ಯಾರಿಗೆ ಹೇಳಬೇಕು?’
ಬಾಯಿಪಾಠ ಯಾರ ನಂಬರೂ ಇರಲಿಲ್ಲ.
ಚೀಲಾ ತಡವಿದೆ. ತುಳಶೀಬಾಗಿನ ಉಲ್ಲನ್ ಅಂಗಡಿ ಬಿಲ್ಲು ಸಿಕ್ತು.
ಅದರ ಮ್ಯಾಲಿಂದು ಕೊಟ್ಟೆ,
ಆಮ್ಯಾಲ ಬದಲಿಸಿದರಾತು ಅಂತ.

ಪೋರವಾಲ ಶೇಟ್‌ನ ದನಿ ಈಗ ಹಾಲಿನ ತುಂಬ:
‘ಬಿದ್ದೀರಂತ? ನಕಾಶಾ ಬಂದದ, ಆಕುರ್ಡಿ ತೋರಸತದ.
ಆಕುರ್ಡಿಯೊಳಗ ಯಾಕ ಬಿದ್ರಿ?’
ಹದಿನಾರು ಮಂದಿ ಬಿಳೀ ಅಂಗಿಯವರು ಉಸಿರು ಹಿಡಿದು ನಿಂತಿದ್ರು.
‘ಕಲಿಯಾಕ ಬಿದ್ದೆ’ ಅಂದೆ.
ಅವ ಸುಮ್ಮನಾದ. ಹಿಂದ ಯಾರೋ ಗಜ್ಜರಿ ಬಣ್ಣ ಕೇಳತಿದ್ರು.
‘ಏನೂ ಮುರದಿಲ್ಲಲ್ಲ?’
‘ಇಲ್ಲ.’
‘ಹಂಗಾರ ಕೇಳ್ರಿ, ನಿಮ್ಮ ನವಿಲುಬಣ್ಣದ ನಾಕು ಉಂಡಿ ಬಂದಾವ.
ತಗದಿಡ್ಲೇನು?’

ಸರ್ ಕತ್ತರಿ ತಂದ. ನಾ ಕೊಡಲಿಲ್ಲ.
ಬಾಯಿಲೆ ಗಂಟು ಹಿಡಿದು ಬಿಚ್ಚಿದೆ.
ಕುಣಿಕಿ ಒಂದರ ಹಿಂದ ಒಂದು ಬಿದ್ದುವು.
ಇವಕ್ಕ ಯಾರೂ ಕಲಿಸಿಲ್ಲ,
ಏನು ಚಂದ ಬೀಳ್ತಾವ, ಸಪ್ಪಳಿಲ್ಲದ.
ಗಡಿಯಾರ ಬಳಿ ಪಕ್ಕ ಇಟ್ಟು ಬಂದು
ಮೃಣ್ಮಯಿ ಕಾಲರ್ ಹಿಡಿದೆ.

ಹೊಳ್ಳಿ ಬರೂ ಲೋಕಲ್ ಖಾಲಿ ಇತ್ತು.
ಸುಕ್ಕಾದ ಎಳಿ ಬೆರಳಿಗೆ ಸುತ್ತಿ ಸುತ್ತಿ
ಮತ್ತ ಉಂಡಿ ಮಾಡಿದೆ.
ಅದನ್ನೂ ಅದು
ನಡಿಗಿ ಅಂತ ಬರಕೊಂತು.