ಗುಂಡಿ ಡಬ್ಬಿ

ಹೋದ ಸಲ ಬಂದಾಗ ಕೇಳಿದ್ರಿ, ಮೇಡಂ,
"ಮನ್ಯಾಗ ಯಾರಿಗರ ಚಟ ಇತ್ತೇನು?"
ಇಲ್ರಿ ಅಂದೆ.
ನೀವು ಕಾಗದದಾಗ ಒಂದು ಗೀಟು ಎಳೆದ್ರಿ.
ಹೊರಗ ಬೆಂಚಿನ ಮ್ಯಾಲ
ನೂರಾ ಹನ್ನೆರಡರ ತನಕ ಕುಂತಿದ್ರು,
ನನಗೂ ಅವಸರ ಇತ್ತು ಅನ್ರಿ.

ಇವತ್ತು ನಂಬರ್ ಚೀಟಿ ಇಲ್ಲದ ಒಳಗ ಬಂದೀನಿ,
ಬೈಬ್ಯಾಡ್ರಿ.

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಾಗ
ಹನ್ನೊಂದು ವರ್ಷ ಬಲಗಾಲಿಲೆ ದುಡಿದೀನಿ.
ಹೊಲಿಯೋದು ಕೈ ಅಂತಾರ ಎಲ್ಲಾರೂ,
ಮಷೀನು ಓಡಿಸೋದು ಕಾಲು.
ಸೊಂಟ ಎರಡು ಸಲ ಕೊಯ್ದ್ರು.
ಅಲ್ಲಿಂದ ತೊಡಿ, ಮಂಡಿ ಹಿಂದ, ಹಿಮ್ಮಡದ ತನಕ
ಯಾರೋ ಒಳಗ ಕುಂತು
ಡಬಲ್ ಹೊಲಿಗಿ ಹಾಕಿದಂಗ,
ದಾರ ಮುಗಿದರೂ ಸೂಜಿ ನಿಲ್ಲಂಗಿಲ್ಲ.

ನೀವು ಕೊಟ್ಟ ಗುಳಿಗಿ ತಗೊಂಡ ಮೊದಲ ರಾತ್ರಿ
ಸೂಜಿ ನಿಂತಿತು.
ಅದನ್ನ ಹೆಂಗ ಹೇಳಲಿ.
ಕರೆಂಟ್ ಹೋದಾಗ ಇಡೀ ಯೂನಿಟ್ಟು
ಒಮ್ಮೆಲೆ ಸುಮ್ಮನಾಗತದಲ್ಲ,
ಆವಾಗ ಗೊತ್ತಾಗತದ
ಇಷ್ಟೊತ್ತನಕ ಎಂಥಾ ಗದ್ದಲದಾಗ ಇದ್ದೆವು ಅಂತ.
ಹಂಗ.
ಮಗಳ ತಲಿ ಬಾಚಿದೆ, ಎರಡು ಜಡಿ ಹಾಕಿದೆ.
ನಿಂತು ರೊಟ್ಟಿ ಬಡಿದೆ. ಏಳು. ಎಣಿಸಿದೆ.

ಆ ಸುಖಾನೇ ನನ್ನ ಹೆದರಿಸಿದ್ದು.

ನಮ್ಮಪ್ಪ ತಾಯಪ್ಪ, ರಾಯಚೂರು ಕಡ್ಯಾಂವ,
ಕಲ್ಲು ಒಡಿಯೋ ಕೆಲಸ.
ಅವನೂ ನೋವಿಗೇ ಶುರು ಮಾಡಿದ್ದು.
ಸಂಜಿಕೆ ಒಂದು ಬಾಟ್ಲಿ ಸೇಂದಿ, ಪುಡಿ ಕಲಸಿದ್ದು,
ಭುಜ ಹಗುರಾಗತದ ಅಂತಿದ್ದ.
ಎರಡಾತು. ಮುಂಜಾನಿಗೂ ಬೇಕಾತು.
ಅಂಗಡಿ ಮುಚ್ಚಿಸಿದ ವಾರ
ಅವನ ಕುತ್ತಿಗಿ ತಾನೇ ತಿರುಗತಿತ್ತು,
ಗ್ವಾಡಿ ಮ್ಯಾಲ ಇಲ್ಲದ ಇರುವಿ ಒರಸ್ತಿದ್ದ.
ನನ್ನ ಹೆಸರು ಕೇಳಿದ.
ಹುಲಿಗೆಮ್ಮ ಅಂದೆ.
"ಯಾರ ಮಗಳವ್ವಾ ನೀನು" ಅಂದ.

ಅದಕ್ಕ ಇಲ್ರಿ ಅಂದಿದ್ದು.
ಹೌದು ಅಂದ್ರ ನೀವು ಗುಳಿಗಿ ಕೊಡಂಗಿಲ್ಲ,
ಇಲ್ಲ ಅಂದ್ರ ನನ್ನ ನಿಲ್ಲಸಾಕ ಯಾರೂ ಇರಂಗಿಲ್ಲ.
ಹದಿನಾರು ದಿನ ಈ ಎರಡರ ನಡುವ ಮಲಗೀನಿ.

ಗುಳಿಗಿ ಎಲ್ಲಿಟ್ಟೀನಿ ಕೇಳ್ರಿ.
ಪ್ಯಾಂಟಿಗೆ ಬಡಿಯೋ ತಾಮ್ರದ ಗುಂಡಿ,
ಅದರ ಹಳೇ ಡಬ್ಬಿಯಾಗ,
ಪಟ್ಟಿಯಿಂದ ಒಂದೊಂದೇ ಬಿಡಿಸಿ.
ಮಗಳ ಕೈಗೆ ಸಿಗಬಾರದಂತ ಇಟ್ಟೀನಿ ಅಂತ
ನನಗ ನಾನೇ ಹೇಳ್ಕೊಂಡೆ.
ಮೊನ್ನೆ ರಾತ್ರಿ ನೋವು ಅಷ್ಟೇನಿರಲಿಲ್ಲ.
ಬ್ಯಾಸರ ಇತ್ತು. ಮೇಸ್ತ್ರಿ ಪೀಸಿನ ರೇಟು ಇಳಿಸಿದ್ದ.
ಕತ್ತಲಾಗ ಕೈ ಡಬ್ಬಿಗೆ ಹೋತು.
ತಣ್ಣಗಿದ್ದದ್ದು ಗುಂಡಿ,
ತಣ್ಣಗಿಲ್ಲದ್ದು ಗುಳಿಗಿ,
ಬೆರಳಿಗೆ ಎಷ್ಟು ಲಗೂನ ಗೊತ್ತಾಗಿಬಿಟ್ಟಿತ್ತು!
ಮಗಳು ಮಗ್ಗಲು ಹೊಳ್ಳಿ ಅಂದ್ಲು,
"ಇಷ್ಟೊತ್ನಾಗ ಗುಂಡಿ ಎಣಸ್ತೀಯೇನವ್ವಾ?"

ನುಂಗಲಿಲ್ಲ.
ಇದೂ ಸುಳ್ಳಿರಬೇಕು ಅಂತ ಅನಿಸಿದ್ರ
ಎಣಿಸ್ರಿ, ಡಬ್ಬಿ ತಂದೀನಿ.
ಉಳಿದದ್ದು ಹದಿನಾಲ್ಕು ದಿನದ್ದು.
ನಡುವ ಗುಂಡಿ ಬಂದ್ರ ವಾಪಸ್ ಕೊಡ್ರಿ,
ಅವು ಯೂನಿಟ್ಟಿನವು.

ಈಗ ಬರ್ಕೊಳ್ರಿ: ಹೌದು. ಅಪ್ಪನಿಗೆ.
ಗುಳಿಗಿ ಕೊಡಬ್ಯಾಡ್ರಿ ಅನ್ನಂಗಿಲ್ಲ,
ಈ ಕಾಲು ನನ್ನ ಹಂಗ ಅನ್ನಾಕ ಬಿಡಂಗಿಲ್ಲ.
ತಿಂಗಳದ್ದು ಒಮ್ಮೆಲೆ ಕೊಡಬ್ಯಾಡ್ರಿ.
ವಾರದ್ದು ಕೊಡ್ರಿ, ವಾರಕ್ಕೊಮ್ಮೆ ಬರ್ತೀನಿ,
ಅರ್ಧ ದಿನದ ಪಗಾರ ಹೋದ್ರ ಹೋಗಲಿ.
ಬಂದಾಗ ಹತ್ತಕ್ಕ ಎಷ್ಟು ನೋವು,
ಅದೊಂದನ್ನೇ ಕೇಳಬ್ಯಾಡ್ರಿ.
ಎಷ್ಟು ರೊಟ್ಟಿ ಬಡಿದಿ ಕೇಳ್ರಿ.
ಜಡಿ ಹಾಕಿದೇನು ಕೇಳ್ರಿ.
ಕತ್ತಲಾಗ ಡಬ್ಬಿ ಮುಟ್ಟಿದೇನು,
ಮುಖ ನೋಡಿ ಕೇಳ್ರಿ.
ಈ ಸಲದಂಗ ಗೀಟು ಎಳಿಬ್ಯಾಡ್ರಿ.

ಪೆನ್ನಿಗೆ ಟೋಪಿ ಹಾಕಿದ್ರಿ.
ಹೊರಗ ಯಾರದೋ ನಂಬರು ಕೂಗಿ ಸುಮ್ಮನಾದ್ರು.
"ಕುಂದ್ರು, ಹುಲಿಗೆಮ್ಮ" ಅಂದ್ರಿ.

ಕುಂದ್ರಾಕ ಆಗಂಗಿಲ್ಲ ಮೇಡಂ.
ಅದನ್ನೇ ಅಲ್ಲೇನು ಹೇಳಾಕ ಬಂದಿದ್ದು.