ಮೂರನೆಯ ತಟ್ಟೆ

ಒಸ್ಟ್ರಾವಾದಲ್ಲಿ ಶನಿವಾರ. ಹೀಟರಿನ ಮೇಲೆ ಒದ್ದೆ ಕೈಗವಸು.
ಹೆಸರು ಮುಚ್ಚಿದ ಐದು ಧ್ವನಿತಟ್ಟೆ, ಒಂದೇ ಸಿಂಫನಿ,
ನಾವು ಮೂವರು, ಪೆನ್ಸಿಲು, ಹತ್ತಕ್ಕೆ ಎಷ್ಟು.

ಮೊದಲನೆಯದು ಇಸ್ತ್ರಿ ಹಾಕಿದ ಅಂಗಿ.
ಒಂದು ಸುಕ್ಕಿಲ್ಲ, ಒಳಗೆ ಮೈಯೂ ಇಲ್ಲ.
ಎರಡನೆಯದು ನಿಧಾನದ ಭಾಗವನ್ನು
ಟ್ರ್ಯಾಮ್ ತಪ್ಪೀತೆಂಬಂತೆ ದಾಟಿತು.
ರಾದಿಮ್ ಗಡಿಯಾರ ನೋಡಿ ಬರೆದುಕೊಂಡ:
ಒಂಬತ್ತು ನಿಮಿಷ, ಹದಿನೇಳು ಸೆಕೆಂಡು.

ಮೂರನೆಯದರಲ್ಲಿ, ಪಿಟೀಲುಗಳೆಲ್ಲ ದನಿ ತಗ್ಗಿಸಿ
ದಾರಿ ಬಿಟ್ಟ ಹೊತ್ತಿಗೆ ಸರಿಯಾಗಿ
ಹಾರ್ನ್ ಒಡೆಯಿತು.
ಅರೆಕ್ಷಣ. ಮೀಸೆ ಚಿಗುರುವ ಹುಡುಗನ ಗಂಟಲಿನಂತೆ.

ನಾನು ಎರಡಂಕ ಕಳೆದೆ.
ಬೊಹುಮಿಲ್ ಕಳೆಯಲಿಲ್ಲ. ನಲವತ್ತು ವರ್ಷ ಹಾರ್ನ್ ಊದಿದ ತುಟಿಯನ್ನು
ಒಮ್ಮೆ ಸವರಿಕೊಂಡು,
"ಇನ್ನೊಮ್ಮೆ ಹಾಕು" ಅಂದ.
"ಒಡೆದದ್ದನ್ನ ಬಿಡು, ಕ್ವೇತಾ.
ಆಮೇಲೆ ಏನು ಮಾಡಿದ, ಅದನ್ನ ಕೇಳು."

ಕೇಳಿದೆ. ಮುಂದಿನ ಸ್ವರವನ್ನು ಅವನು
ತುಂಬಿದ ಹಾಲಿನ ಪಾತ್ರೆ ಎತ್ತಿದ ಹಾಗೆ ಎತ್ತಿದ.
ಪಕ್ಕದ ಓಬೋ ಕಾಯಿತು,
ಅಷ್ಟೂ ಜನ ಕಾದರು,
ಕೋಲು ಹಿಡಿದವನೂ.

ನಮ್ಮ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ನಾಲ್ಕು, ಐದು ಇನ್ನೂ ಬಾಕಿ.
ರಾದಿಮ್ ಕಾಫಿ ತರಲು ಎದ್ದ.
ನಾನು ರಬ್ಬರ್ ಹುಡುಕುತ್ತಿದ್ದೆ.