ಉಳಿದ ಕಾಳು

ತಟ್ಟೆ ಒಂದಕ್ಕೆ ನೂರು ಕಡಲೆ,
ಮೂರು ಸೇರು ಉಮಿ.
ಕಲಸಿ, ಅಂಗೈಯಲ್ಲಿ ತಟ್ಟಿ ಸಮ ಮಾಡಿ
ಬಾಡದ ಗುಡ್ಡದ ಮೇಲೆ ಸಂಜೆ ಇಟ್ಟು ಬರಬೇಕು:
ಒಂದು ಕೌಳಿ ಮಟ್ಟಿಯ ಬುಡಕ್ಕೆ,
ಒಂದು ಅಲ್ಲಿಂದ ಹತ್ತು ಹೆಜ್ಜೆಗೆ,
ಒಂದು ಬೋಳು ಚಿರೆಕಲ್ಲಿನ ನಡುವೆ,
ಆಕಾಶ ಬಿಟ್ಟರೆ ಮತ್ತೇನೂ ಇಲ್ಲದ ಕಡೆ.

ಬೆಳಗಾದ ಮೇಲೆ ಜರಡಿ ಹಿಡಿದು
ತಿಂದದ್ದನ್ನಲ್ಲ,
ಬಿಟ್ಟದ್ದನ್ನು ಎಣಿಸುವುದು ನನ್ನ ಕೆಲಸ.
ದಿನಕ್ಕೆ ನಾನೂರು ರೂಪಾಯಿ, ಚಾ ಬೇರೆ.

‘ಉಳಿದ ಕಾಳೇ ಮೊಲದ ಹೆದರಿಕೆಯ ಲೆಕ್ಕ, ಹೊನ್ನಿ’
ಅಂದಿದ್ದರು ಅಶ್ವತಿ ಮೇಡಂ ಮೊದಲ ದಿನ,
ಕಾಲಿಗೆ ಹತ್ತಿದ ಉಣುಗು ಕೀಳುತ್ತ.
ನಾನು ನಕ್ಕಿದ್ದೆ.
ಹೆದರಿಕೆಯನ್ನು ಕಾಳಿನಲ್ಲಿ ಅಳೆಯುವವರನ್ನು
ಅಘನಾಶಿನಿಯ ಈ ದಡದಲ್ಲಿ ನಾನಂತೂ ಕಂಡಿರಲಿಲ್ಲ.

ವಾರದಲ್ಲಿ ನಗು ಹೋಯಿತು.
ಮಟ್ಟಿಯ ಬುಡದ್ದು: ಒಂಬತ್ತು, ಹನ್ನೊಂದು, ಏಳು.
ಹತ್ತು ಹೆಜ್ಜೆಯದು ಮೂವತ್ತರ ಸುತ್ತ.
ಬೋಳುಕಲ್ಲಿನದು ಎಂಬತ್ತೆರಡು,
ಹುಣ್ಣಿಮೆಗೆ ತೊಂಬತ್ತಾರು.
ಬೆಳದಿಂಗಳು ನಮಗೆ ಚಂದ,
ಅದಕ್ಕೆ ಬೆನ್ನ ಮೇಲೆ ಬಿದ್ದ ಟಾರ್ಚು.
ಕಡಲ ಗಾಳಿ ಎದ್ದ ರಾತ್ರಿಯಂತೂ
ಮೂರು ತಟ್ಟೆಯಲ್ಲೂ ರಾಶಿ ಹಾಗೇ ಇರುತ್ತಿತ್ತು.
ಗಾಳಿಮರ ಅಷ್ಟು ಗೋಳಿಡುವಾಗ
ಕಿವಿ ಎಷ್ಟುದ್ದ ಇದ್ದರೇನು,
ಗೂಬೆಯ ರೆಕ್ಕೆ, ನರಿಯ ಕಾಲು
ಹೇಗೆ ಕೇಳಬೇಕು?

ಒಮ್ಮೆ ಕಣ್ಣಾರೆ ಕಂಡೆ.
ಕಾಳು ಕಚ್ಚಿತು. ತಲೆ ಎತ್ತಿತು.
ಅಗಿಯುವುದನ್ನು ನಿಲ್ಲಿಸಿ ಕೇಳಿತು
(ಅಗಿಯುವ ಸದ್ದೇ ಕಿವಿಗೆ ಅಡ್ಡವಂತೆ)
ಮತ್ತೆ ಅಗಿಯಿತು.
ಬಾಯಿಗೆ ಒಂದು ಪಾಲು, ಕಿವಿಗೆ ಮೂರು.
ಕೆಳಗೆ ರೈಲು ಕೂಗಿಕೊಂಡು ಹೋಯಿತು,
ಅದಕ್ಕೆ ಮೀಸೆ ಕೂಡ ಅಲ್ಲಾಡಲಿಲ್ಲ.
ಆಮೇಲೆ ನನಗೆ ಕೇಳಿಸದ ಎಂಥದ್ದಕ್ಕೋ
ಹಾರಿ, ಇಲ್ಲವಾಯಿತು.
ಇಪ್ಪತ್ತೇಳು ಉಳಿದಿತ್ತು.

ಜರಡಿ ಅಲ್ಲಾಡಿಸುತ್ತಿದ್ದ ಕೈಗೆ ಅವ್ವಿ ನೆನಪಾದಳು.
ಮಳೆಗಾಲ, ಉಪ್ಪಾಗೆ ಉದುರುವ ಹೊತ್ತು.
ಗಾರ್ಡಿನ ಸೀಟಿ ದೂರದಲ್ಲಿ ಕೇಳಿದರೆ
ಇನ್ನೂ ನಾಲ್ಕು ಹಣ್ಣು ಹೆಕ್ಕುವಳು,
ಹತ್ತಿರದಲ್ಲಿ ಕೇಳಿದರೆ
ಹೆಕ್ಕಿದ್ದನ್ನೂ ಅಲ್ಲೇ ಸುರುವಿ
ನನ್ನ ರಟ್ಟೆ ಹಿಡಿದು ಹಳ್ಳಕ್ಕಿಳಿಯುವಳು.
ದೂರಕ್ಕೂ ಹತ್ತಿರಕ್ಕೂ ನಡುವೆ ಎಲ್ಲೋ ಒಂದು ಗೆರೆ;
ಅವಳಿಗೆ ಮಾತ್ರ ಗೊತ್ತಿತ್ತು.
ಮನೆಯಲ್ಲಿ ಅಕ್ಕಿ ಮುಗಿದ ವಾರ
ಆ ಗೆರೆ ಸೀಟಿಯ ಕಡೆಗೆ ಸರಿಯುತ್ತಿತ್ತು.
ಮರದಡಿ ಬಿಟ್ಟು ಬಂದ ಹಣ್ಣುಗಳನ್ನು
ಯಾರೂ ಎಣಿಸಿ ಬರೆದಿಡಲಿಲ್ಲ.

ಏಪ್ರಿಲ್ ಕೊನೆ. ಬೇಣದ ಹುಲ್ಲಿಗೆ ಯಾರೋ ಬೆಂಕಿ ಕೊಟ್ಟಿದ್ದರು.
ಹುಣ್ಣಿಮೆಯ ಮರುದಿನ, ಬೋಳುಕಲ್ಲಿನ ತಟ್ಟೆ:
ಸೊನ್ನೆ.
ಎರಡು ಸಲ ಜರಡಿ ಹಿಡಿದೆ. ಸೊನ್ನೆಯೇ.
ಉಮಿ ಕಲ್ಲಿನ ಮೇಲೆಲ್ಲ ಚೆಲ್ಲಿತ್ತು,
ತಟ್ಟೆಯ ತಳದಲ್ಲಿ ಹಲ್ಲು ಎಳೆದ ಗೀರು.
ಮೇಡಂ ಫೋನಿನಲ್ಲಿ ಖುಷಿಯಾದರು.
‘ಒಳ್ಳೇ ಡೇಟಾ!’
ನಾನು ಹೂಂ ಅಂದೆ.

ಆ ಸಂಜೆ ಕಲ್ಲಿನ ತಟ್ಟೆಗೆ ನೂರೇ ಹಾಕಿದೆ, ನಿಯಮದಂತೆ.
ಮಟ್ಟಿಯ ಬುಡದ್ದಕ್ಕೆ
ಎರಡು ಮುಷ್ಟಿ ಜಾಸ್ತಿ,
ಎಣಿಸದೆ.

ಬೆಳಿಗ್ಗೆ ಅಲ್ಲಿ ನೂರಾ ಹದಿನಾಲ್ಕು ಉಳಿದಿತ್ತು.
ಇಟ್ಟದ್ದಕ್ಕಿಂತ ಹೆಚ್ಚು ಉಳಿದರೆ ಬರೆಯುವ ಕಾಲಂ
ಆ ಪುಸ್ತಕದಲ್ಲಿ ಇಲ್ಲ.
ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.
ಮಟ್ಟಿಯೊಳಗೆ ಯಾವುದೋ ಒಂದು
ನಾನು ಎದ್ದು ಹೋಗುವುದನ್ನೇ
ಕಾಯುತ್ತಿತ್ತು.